ಹಾಸಿಗೆಯ ಪಕ್ಕ ಹುಟ್ಟಿದ ಪರೀಕ್ಷೆ, ಘಟ್ಟದ ದಾರಿಯಲ್ಲಿ ಹಾಳಾಗುವ ಸ್ಯಾಂಪಲ್

ಹಾಲು ಕುಡಿದ ಕೂಡಲೇ ಮಗುವಿನ ಹೊಟ್ಟೆ ಉಬ್ಬುತ್ತದೆ. ಹುಳಿ ವಾಸನೆಯ ನೀರುಭೇದಿ ರಭಸದಿಂದ ಹೋಗುತ್ತದೆ, ಕುಂಡೆಯ ಚರ್ಮ ಕೆಂಪಾಗಿ ಉರಿಯುತ್ತದೆ. ಭೇದಿ ಹೀಗೆ ದಿನಗಟ್ಟಲೆ ನಿಲ್ಲದಿದ್ದಾಗ ವೈದ್ಯರು ಚೀಟಿಯಲ್ಲಿ ಬರೆಯುವ ಒಂದು ಪರೀಕ್ಷೆ ‘ಮಲದಲ್ಲಿ ರೆಡ್ಯೂಸಿಂಗ್ ಸಬ್‌ಸ್ಟೆನ್ಸ್ ಮತ್ತು ಪಿಎಚ್’. ಪಿಎಚ್ ಎಂದರೆ ಆಮ್ಲೀಯತೆಯ ಅಳತೆ, ಅದು ಇಳಿದಷ್ಟೂ ಆಮ್ಲ ಹೆಚ್ಚು. ಜೀರ್ಣವಾಗದೆ ಉಳಿದ ಸಕ್ಕರೆ ಮಲದಲ್ಲಿ ಇದೆಯೇ ಎಂದು ನೋಡುವುದು ಪರೀಕ್ಷೆಯ ಉದ್ದೇಶ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸ್ಯಾಂಪಲ್ ಡಬ್ಬಿಯನ್ನು ಅಷ್ಟು ದೂರ ಕಳಿಸಿದರೆ, ನಾವು ಹುಡುಕುತ್ತಿರುವ ಸಕ್ಕರೆಯನ್ನು ಅದರೊಳಗಿನ ಬ್ಯಾಕ್ಟೀರಿಯಾಗಳು ದಾರಿಯಲ್ಲೇ ತಿಂದು ಮುಗಿಸಿರಬಹುದು. ಆಗ ‘ಸಕ್ಕರೆ ಇಲ್ಲ’ ಎಂಬ ವರದಿ ಬರುತ್ತದೆ, ಮಗುವಿನ ಭೇದಿ ಮಾತ್ರ ನಿಲ್ಲುವುದಿಲ್ಲ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣ ಕರುಳಿನ ಒಳಗೋಡೆಯ ಎಳೆಗಳ ತುದಿಯಲ್ಲಿರುತ್ತದೆ. ರೋಟಾವೈರಸ್‌ನಂಥ ಸೋಂಕು ಮೊದಲು ಹಾಳುಮಾಡುವುದು ಆ ತುದಿಗಳನ್ನೇ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆಯುತ್ತದೆ. ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಆಮ್ಲ ಮತ್ತು ಗಾಳಿ ಮಾಡುತ್ತವೆ. ಮಲದ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ವೈದ್ಯರು ಸಂಶಯಪಡುವುದು ಇದೇ ಕಾರಣಕ್ಕೆ. ಕರುಳು ಚೇತರಿಸಿಕೊಂಡಂತೆ ಕಿಣ್ವವೂ ಮರಳುತ್ತದೆ.

ಈ ಪರೀಕ್ಷೆಯ ಬೇರು ಮಲದಲ್ಲಿಲ್ಲ, ಮೂತ್ರದಲ್ಲಿದೆ. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೆಯ ಶತಮಾನದ ಮೊದಲ ದಶಕದಲ್ಲಿ ತಾಮ್ರದ ನೀಲಿ ದ್ರಾವಣವೊಂದನ್ನು ರೂಪಿಸಿದರು. ಸಕ್ಕರೆಯಿರುವ ಮೂತ್ರವನ್ನು ಅದರೊಂದಿಗೆ ಕಾಯಿಸಿದರೆ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಗೆಂಪಾಗುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಇದನ್ನು ನೋಡಿದವರಿಗೆ ಆ ಬಣ್ಣಗಳು ಮರೆತಿರಲಾರವು. 1941ರಲ್ಲಿ ಮೈಲ್ಸ್ ಕಂಪನಿ ಇದೇ ತತ್ವವನ್ನು ‘ಕ್ಲಿನಿಟೆಸ್ಟ್’ ಎಂಬ ಮಾತ್ರೆಯೊಳಗೆ ಅಡಗಿಸಿತು. ಮೂತ್ರದ ಹನಿಗಳಿಗೆ ಹಾಕಿದರೆ ಮಾತ್ರೆ ಬುರುಬುರು ಎಂದು ತಾನೇ ಕಾವು ಹುಟ್ಟಿಸಿಕೊಳ್ಳುತ್ತಿತ್ತು, ಬೆಂಕಿ ಬೇಕಿರಲಿಲ್ಲ.

ಸಕ್ಕರೆ ಅರಗದೆ ಶಿಶುಗಳು ಬಡಕಲಾಗುತ್ತಾರೆ ಎಂಬುದನ್ನು ವೈದ್ಯಲೋಕ ಒಪ್ಪಿದ್ದು ತಡವಾಗಿ. ಲ್ಯಾಕ್ಟೋಸ್ ಹೀರಿಕೆಯ ದೋಷದಿಂದ ಶಿಶುಗಳು ಸೊರಗುತ್ತಿದ್ದುದನ್ನು ಹೋಲ್ಜೆಲ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದು 1959ರಲ್ಲಿ. ಐದು ವರ್ಷಗಳ ಬಳಿಕ, 1964ರಲ್ಲಿ, ಅದೇ ಪತ್ರಿಕೆಯಲ್ಲಿ ಕೆರ್ರಿ ಮತ್ತು ಷಾರ್ಲಟ್ ಆಂಡರ್ಸನ್ ಮಲದ ಸಕ್ಕರೆಗೆ ಕ್ಲಿನಿಟೆಸ್ಟ್ ಮಾತ್ರೆಯನ್ನು ಬಳಸುವ ಬಗೆಯನ್ನು ಬರೆದರು. ಒಂದು ಪಾಲು ದ್ರವಮಲ, ಎರಡು ಪಾಲು ನೀರು, ಅದರಿಂದ ಹದಿನೈದು ಹನಿ, ಒಂದು ಮಾತ್ರೆ. ಶೇ 0.5ಕ್ಕಿಂತ ಹೆಚ್ಚು ಸಕ್ಕರೆ ಕಂಡರೆ ಅಸಹಜ, ಶೇ 0.25ಕ್ಕಿಂತ ಕಡಿಮೆಯಿದ್ದರೆ ಸಹಜ, ನಡುವಿನದು ಸಂಶಯಾಸ್ಪದ. ಅವರು ಇದನ್ನು ಕರೆದದ್ದು ವಾರ್ಡ್ ಪರೀಕ್ಷೆ ಎಂದು. ಆ ಹೆಸರಿನಲ್ಲೇ ಎಲ್ಲವೂ ಇದೆ ಎಂದು ನನಗನ್ನಿಸುತ್ತದೆ: ಮಗು ಮಲಗಿರುವಲ್ಲೇ ಆಗಬೇಕಾದ ಕೆಲಸ ಇದು.

1956ರಲ್ಲಿ ಮೂತ್ರಕ್ಕೆ ಕಾಗದದ ಪಟ್ಟಿಗಳು ಬಂದವು. ಅವು ಗ್ಲೂಕೋಸ್ ಒಂದನ್ನೇ ಗುರುತಿಸುತ್ತವೆ, ಲ್ಯಾಕ್ಟೋಸ್ ಅವುಗಳ ಕಣ್ಣಿಗೆ ಬೀಳದು. ಹಾಗಾಗಿ ಮಲಕ್ಕೆ ಹಳೆಯ ತಾಮ್ರದ ವಿಧಾನವೇ ಬೇಕು. ಅದಕ್ಕೂ ಒಂದು ಕುರುಡುತನವಿದೆ. ನಾವು ದಿನವೂ ಬಳಸುವ ಸಕ್ಕರೆ, ಅಂದರೆ ಸುಕ್ರೋಸ್, ಅದಕ್ಕೆ ಕಾಣುವುದಿಲ್ಲ. ಸ್ಯಾಂಪಲನ್ನು ಮೊದಲು ಆಮ್ಲದೊಂದಿಗೆ ಕುದಿಸಿ ಸುಕ್ರೋಸನ್ನು ಒಡೆಯಬೇಕು. ಮಗು ಸಕ್ಕರೆ ನೀರನ್ನೋ ಬೆಲ್ಲದ ನೀರನ್ನೋ ಕುಡಿದ ಮೇಲೆ ಭೇದಿಯಾಗುತ್ತಿದ್ದರೆ ಅದನ್ನು ಲ್ಯಾಬಿನವರಿಗೆ ಹೇಳಲೇಬೇಕು. ಪರೀಕ್ಷೆಗೆ ಮುನ್ನ ಹಾಲು ನಿಲ್ಲಿಸಿದ್ದರೂ ಫಲಿತಾಂಶ ಸುಳ್ಳಾಗುತ್ತದೆ, ಸಕ್ಕರೆ ಒಳಗೇ ಹೋಗದಿದ್ದರೆ ಹೊರಗೆ ಬರುವುದೆಲ್ಲಿಂದ?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತಪ್ಪು. ಎದೆಹಾಲು ಕುಡಿಯುವ ಆರೋಗ್ಯವಂತ ಎಳೆಗೂಸಿನ ಮಲದಲ್ಲಿಯೂ ಸ್ವಲ್ಪ ಸಕ್ಕರೆ ಇರುವುದುಂಟು, ಪಿಎಚ್ ಕಡಿಮೆ ಇರುವುದೂ ಉಂಟು. ಅದು ರೋಗವಲ್ಲ. ವರದಿಯ ಒಂದು ‘ಪಾಸಿಟಿವ್’ ಪದವನ್ನು ನೋಡಿ ತಾಯಿ ಹಾಲುಣಿಸುವುದನ್ನು ಬಿಟ್ಟರೆ, ಪುಡಿಹಾಲಿಗೆ ಹಣವಿಲ್ಲದ, ನೀರು ಕುದಿಸಲು ಸೌದೆ ಹೊಂದಿಸಬೇಕಾದ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಆ ಮಗುವಿನ ಗತಿಯೇನು? ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರಿಸಿಕೊಳ್ಳುತ್ತಿದ್ದರೆ ಆ ಪದಕ್ಕೆ ಬೆಲೆಯಿಲ್ಲ. ಭೇದಿಯಾಗುತ್ತಿರುವಾಗಲೂ ಓಆರ್‌ಎಸ್ ಮತ್ತು ಎದೆಹಾಲು ಎರಡನ್ನೂ ಮುಂದುವರಿಸಬೇಕು. ಹಾಲು ಬದಲಿಸುವ ತೀರ್ಮಾನ ಮಗುವನ್ನು ನೋಡಿದ ವೈದ್ಯರದು, ಕಾಗದದ್ದಲ್ಲ.

ಹಾಗಾದರೆ ಕೊಡಗಿನಲ್ಲಿ ಏನು ಮಾಡಬಹುದು? ಬೆನೆಡಿಕ್ಟ್ ದ್ರಾವಣ ದುಬಾರಿ ವಸ್ತುವಲ್ಲ. ಅದು, ಒಂದು ಪ್ರನಾಳ, ಕುದಿಯುವ ನೀರು, ಪಿಎಚ್ ಕಾಗದ ಇಷ್ಟಿದ್ದರೆ ವಿರಾಜಪೇಟೆಯಲ್ಲೂ ಸೋಮವಾರಪೇಟೆಯಲ್ಲೂ ಇದನ್ನು ಮಾಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ತಾಯಂದಿರಿಗೆ ತಿಳಿಸಬೇಕಾದದ್ದೂ ಸ್ವಲ್ಪವೇ. ಮಲದ ನೀರಿನ ಭಾಗವೇ ಬೇಕು. ಡೈಪರ್ ಅದನ್ನು ಹೀರಿಬಿಡುತ್ತದೆ, ಆದ್ದರಿಂದ ಮಗುವಿನಡಿ ಪ್ಲಾಸ್ಟಿಕ್ ಹಾಳೆ ಹಾಸಿ ಹಿಡಿಯಬೇಕು. ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಆಗದಿದ್ದರೆ ಲ್ಯಾಬಿನವರನ್ನು ಕೇಳಿ ಕೂಡಲೇ ಹೆಪ್ಪುಗಟ್ಟಿಸಿ ಇಡಬೇಕು. ಡಬ್ಬಿಯ ಮೇಲೆ ಮಗುವಿನ ಹೆಸರಿನ ಜೊತೆಗೆ ಸ್ಯಾಂಪಲ್ ತೆಗೆದ ಹೊತ್ತನ್ನೂ ಬರೆಯಬೇಕು.