ಉತ್ತರವನ್ನು ಹುಡುಕಿಸಬೇಡಿ

ಏಳೆಂಟು ಜನ ಸೇರಿ ಇಮೇಲ್‌ನಲ್ಲೇ ಒಂದು ವಿಷಯ ಚರ್ಚಿಸುವಾಗ ಜಾಸ್ತಿ ಕಾಟ ಕೊಡುವುದು "ಸರಿ, ಹಾಗೇ ಮಾಡೋಣ" ಎಂಬ ಉತ್ತರ. ಹಿಂದಿನ ಮೇಲ್‌ನಲ್ಲಿ ಮೂರು ಸಲಹೆ ಇದ್ದವು. ಯಾವುದಕ್ಕೆ ಸರಿ? ಕೆಳಗೆ ಅಷ್ಟುದ್ದ ಹಳೆಯ ಮೇಲ್‌ಗಳ ಬಾಲ ಬೇರೆ. ಎಲ್ಲರೂ ಅದನ್ನು ಮತ್ತೆ ಓದಬೇಕು.

ತಾಂತ್ರಿಕ ಕೈಪಿಡಿಗಳನ್ನು ತಿದ್ದುವುದು ನನ್ನ ಕೆಲಸ. ಕರಡಿನ ಮೇಲಿನ ಮಾತುಕತೆಯೆಲ್ಲ ಮೇಲ್‌ನಲ್ಲೇ ನಡೆಯುತ್ತದೆ. ಅಲ್ಲಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಯಾವ ಸಾಲಿಗೆ ಉತ್ತರವೋ ಆ ಸಾಲನ್ನು ಮಾತ್ರ ಉಳಿಸಿ, ಅದರ ಕೆಳಗೇ ಬರೆಯಿರಿ. ಹೀಗೆ (> ಗುರುತಿರುವುದು ಹಿಂದಿನ ಮೇಲ್‌ನ ಸಾಲು):

> ಮೂರನೇ ಅಧ್ಯಾಯ ಯಾವಾಗ ಸಿಗುತ್ತದೆ?
ಶುಕ್ರವಾರ.
> ಚಿತ್ರಗಳನ್ನು ಯಾರು ನೋಡುತ್ತಾರೆ?
ನಾನೇ.

ಇದೇನೂ ಹೊಸದಲ್ಲ. 1995ರಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಇಂಟರ್‌ನೆಟ್ ಶಿಷ್ಟಾಚಾರದ ದಾಖಲೆಯೂ ಇದನ್ನೇ ಹೇಳುತ್ತದೆ: ಸಂದರ್ಭ ತಿಳಿಯುವಷ್ಟು ಉಳಿಸಿ, ಇಡೀ ಮೂಲವನ್ನು ತುಂಬಬೇಡಿ. ಇಬ್ಬರ ನಡುವಿನ ಒಂದೇ ಪ್ರಶ್ನೆಯಾದರೆ ಮೇಲ್ಗಡೆಯೇ ಉತ್ತರಿಸಿದರೂ ನಡೆಯುತ್ತದೆ. ಅದಕ್ಕೆ ಜಗಳ ಆಡುವವರೂ ಇದ್ದಾರೆ, ನಾನು ಆಡುವುದಿಲ್ಲ. ಹೊಸಬರೊಬ್ಬರನ್ನು ಚರ್ಚೆಗೆ ಸೇರಿಸುವಾಗ ಮಾತ್ರ ಪೂರ್ತಿ ಬಾಲ ಇರಲಿ. ಯಾಕೆ ಇಟ್ಟಿದ್ದೀರಿ ಅಂತ ಮೇಲೆ ಒಂದು ಸಾಲು ಬರೆದರೆ ಸಾಕು.

ಕತ್ತರಿಸುವಾಗ ಹುಷಾರು. "ಕರಡು ಒಪ್ಪಿಗೆ, ಆದರೆ ಎರಡನೇ ಕೋಷ್ಟಕ ಸರಿಯಾಗಬೇಕು" ಎಂದು ಒಬ್ಬರು ಬರೆದಿರುತ್ತಾರೆ. ಅದರಲ್ಲಿ "ಕರಡು ಒಪ್ಪಿಗೆ" ಅಷ್ಟನ್ನೇ ಎತ್ತಿಕೊಂಡರೆ ಅವರು ಹೇಳದ್ದನ್ನು ಹೇಳಿಸಿದ ಹಾಗಾಯಿತು ಅಲ್ವಾ? ಬೇರೆಯವರ ಕಾಗುಣಿತವನ್ನೂ ಸುಮ್ನೆ ತಿದ್ದಲು ಹೋಗಬೇಡಿ. ಯಾರು, ಯಾವಾಗ ಬರೆದದ್ದು ಎಂಬ ಸಾಲನ್ನು ಅಳಿಸಬೇಡಿ. ಎರಡು ಮೂರು ಸುತ್ತಾದ ಮೇಲೆ ಯಾವ ಮಾತು ಯಾರದೆಂದು ಗೊತ್ತಾಗುವುದು ಅದರಿಂದಲೇ. ಸಹಿ, ವಿಳಾಸ, ಗೋಪ್ಯತೆಯ ಉದ್ದನೆಯ ಎಚ್ಚರಿಕೆ, ಇವನ್ನೆಲ್ಲ ಧಾರಾಳವಾಗಿ ಕಿತ್ತುಹಾಕಿ.

ನಿಮಗೊಬ್ಬರಿಗೇ ಬಂದ ಮೇಲ್‌ನ ಮಾತನ್ನು ಗುಂಪಿಗೆ ಹಾಕುವ ಮೊದಲು ಬರೆದವರನ್ನು ಕೇಳಿ.

ಇನ್ನೊಂದು ಕೆಟ್ಟ ಅಭ್ಯಾಸವಿದೆ. ವಿಳಾಸಗಳು ಸಿದ್ಧವಾಗಿ ಸಿಗುತ್ತವೆ ಅಂತ ಹಳೆಯ ಮೇಲ್ ತೆರೆದು, ರಿಪ್ಲೈ ಒತ್ತಿ, ವಿಷಯದ ಸಾಲು ಬದಲಿಸಿ ಹೊಸ ಚರ್ಚೆ ಶುರುಮಾಡುವುದು. ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಉತ್ತರ ಬರೆದಾಗ ಅದು ಕಣ್ಣಿಗೆ ಕಾಣದೆ ಜೊತೆಗೇ ಹೋಗುತ್ತದೆ. ಹಾಗಾಗಿ ವಿಷಯದ ಸಾಲು ಬೇರೆಯಾದರೂ ಹಲವು ಮೇಲ್ ತಂತ್ರಾಂಶಗಳು ನಿಮ್ಮ ಹೊಸ ಮಾತನ್ನು ಹಳೆಯ ಚರ್ಚೆಯೊಳಗೇ ತುರುಕುತ್ತವೆ. ಆ ಚರ್ಚೆ ಮುಗಿಯಿತೆಂದು ಬಿಟ್ಟವರು ಅದನ್ನು ತೆರೆದು ನೋಡುವುದೇ ಇಲ್ಲ. ಹೊಸ ವಿಷಯಕ್ಕೆ ಹೊಸ ಮೇಲ್ ತೆರೆಯಿರಿ, ವಿಳಾಸಗಳನ್ನು ನಕಲು ಮಾಡಿಕೊಂಡರಾಯಿತು.