ಆರು ಸೆಂಟ್ಸ್ ಜಾಗದಲ್ಲಿ ಮರ ಎಲ್ಲಿ ನೆಡುವುದು?

ಪ್ರಶ್ನೆ: ಮಣಿಪಾಲದ ಹತ್ತಿರ ಆರು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದ್ದೇವೆ. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಮೇಲೆ ಒಳಗೆ ಕೂರಲಾಗದ ಸೆಕೆ. ಮರ ನೆಡೋಣವೆಂದರೆ, ಮಳೆಗಾಲದಲ್ಲಿ ಬಿದ್ದೀತು, ಬೇರು ಪಂಚಾಂಗಕ್ಕೆ (ಮನೆಯ ಅಡಿಪಾಯಕ್ಕೆ) ಹೋದೀತು ಎಂದು ಮನೆಯವರು ಹೆದರುತ್ತಾರೆ. ಎಲ್ಲಿ ನೆಡಬೇಕು?

ಉತ್ತರ: ಖಂಡಿತ ನೆಡಿ. ಮನೆಯವರ ಹೆದರಿಕೆಯೂ ಸುಳ್ಳಲ್ಲ. ನಮ್ಮ ಕರಾವಳಿಯಲ್ಲಿ ಸೆಕೆ ಮತ್ತು ಗಾಳಿ ಎರಡಕ್ಕೂ ಮೊದಲು ನೋಡಬೇಕಾದ ದಿಕ್ಕು ಪಡುವಣ.

ಏಪ್ರಿಲ್ ಕೊನೆಯ ವಾರ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಆಗ ಬಿಸಿಯಾಗುವುದು ಮಾಡು, ಅಂದರೆ ಮನೆಯ ಸೂರು. ಗೋಡೆ ಕಾಯುವುದು ಮೂರು ಗಂಟೆಯ ನಂತರ, ಪಡುವಣದಿಂದ ಬಿಸಿಲು ಓರೆಯಾಗಿ ಹೊಡೆಯುವಾಗ. ಆ ಕಾವು ರಾತ್ರಿಯವರೆಗೂ ಕೋಣೆಯೊಳಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ನೆರಳು ಬೇಕಿರುವುದು ಪಡುಗೋಡೆಗೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಬರುವುದೂ ಕಡಲ ಕಡೆಯಿಂದಲೇ. ಅಲ್ಲಿ ದೊಡ್ಡ ಮರವಿದ್ದು ಬುಡ ಕಿತ್ತರೆ, ಬೀಳುವುದು ಮನೆಯ ಮೇಲೆ.

ಇದಕ್ಕೆ ದಾರಿ ಆ ಓರೆ ಬಿಸಿಲಿನಲ್ಲೇ ಇದೆ. ಇಳಿಬಿಸಿಲನ್ನು ತಡೆಯಲು ಎತ್ತರದ ಮರ ಬೇಕಿಲ್ಲ. ಗೋಡೆಯಿಂದ 10 ಅಡಿ ದೂರದಲ್ಲಿ 15 ಅಡಿ ಬೆಳೆದ ಮರವಿದ್ದರೂ ಸಂಜೆ ನಾಲ್ಕರ ಹೊತ್ತಿಗೆ ಕಿಟಕಿಗೆ ನೆರಳು ಮುಟ್ಟುತ್ತದೆ. ಈ ಜಾಗಕ್ಕೆ ನಾನು ಹೇಳುವುದು ಪುನರ್ಪುಳಿ, ಅಂದರೆ ಕೋಕಂ. ವರ್ಷವಿಡೀ ಎಲೆ ಇರುತ್ತದೆ, ನಿಧಾನ ಬೆಳೆಯುತ್ತದೆ, ಗೆಲ್ಲುಗಳು ನೆಲದತ್ತ ಬಾಗುತ್ತವೆ. ಬೀಜದ ಸಸಿ ಗಂಡಾಗಿಬಿಟ್ಟರೆ ಹಣ್ಣಿಲ್ಲ, ಆದ್ದರಿಂದ ಕಸಿ ಗಿಡ ತನ್ನಿ. ಹೂವು ಬೇಕೆಂದರೆ ರೆಂಜೆ, ಅಂದರೆ ಬಕುಳ. ಅದರ ಮರ ಬಹಳ ಗಟ್ಟಿ. ಯಾವುದೇ ಇರಲಿ, ಪ್ರತಿ ವರ್ಷ ಮಳೆಗೆ ಮುಂಚೆ ಗೆಲ್ಲು ಸವರಿ ಎತ್ತರವನ್ನು ಹತೋಟಿಯಲ್ಲಿಡಿ. ಬೇಗ ನೆರಳು ಸಿಗುತ್ತದೆಂದು ಗುಲ್‌ಮೊಹರ್, ಅಕೇಶಿಯಾ ಹಾಕಬೇಡಿ. ಗಾಳಿಗೆ ಮೊದಲು ಮುರಿಯುವವು ಅವೇ.

ಇನ್ನು ಬೇರು. ಗಟ್ಟಿ ಪಂಚಾಂಗವನ್ನು ಬೇರು ಸುಮ್ಮನೆ ಒಡೆಯುವುದಿಲ್ಲ. ಅದು ಹುಡುಕಿಕೊಂಡು ಹೋಗುವುದು ನೀರನ್ನು: ಸೋರುವ ಪೈಪು, ಶೌಚದ ಗುಂಡಿ, ಇಂಗುಗುಂಡಿ. ಇವುಗಳಿಂದ 15 ಅಡಿಯಾದರೂ ದೂರವಿರಿ. ನಮ್ಮಲ್ಲಿ ನಿಜವಾದ ತೊಂದರೆ ಬೇರೆಯೇ. ಮೇಲೆ ತೆಳುವಾದ ಮಣ್ಣು, ಕೆಳಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಪಾದೆ. ಚಿಕ್ಕ ಗುಂಡಿ ತೋಡಿ ನೆಟ್ಟರೆ ಬೇರು ಆಳಕ್ಕಿಳಿಯದೆ ಮೇಲೆಯೇ ಹರಡುತ್ತದೆ, ಮಣ್ಣು ನೆನೆದು ಮೆತ್ತಗಾದ ದಿನ ಮರ ಬುಡಸಮೇತ ಮಗುಚುತ್ತದೆ. ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ, ಮೇಲ್ಮಣ್ಣು ಮತ್ತು ಗೊಬ್ಬರ ತುಂಬಿ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ಹಲಸು, ಕಾಟುಮಾವಿನ ಮರಗಳಿಗೆ ಮನೆಯಿಂದ 25–30 ಅಡಿ ಬೇಕು. ಆರು ಸೆಂಟ್ಸ್‌ನಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಆಸೆ ಬಿಡಿ. ತೆಂಗಿಗೂ ಮಾಡಿನಿಂದ 20 ಅಡಿ ಬಿಡಬೇಕು, ಒಣ ಮಡಲು ನೆರೆಮನೆಯ ಹಂಚಿನ ಮೇಲೂ ಬೀಳಬಾರದಲ್ಲ.

ಗುಡ್ಡ ಕಡಿದು ಸಮ ಮಾಡಿದ ಜಾಗವಾದರೆ ಬರೆಯ (ಕಡಿದ ಗುಡ್ಡದ ಕಡಿದಾದ ಬದಿಯ) ಅಂಚಿನಲ್ಲಿ ದೊಡ್ಡ ಮರ ಬೇಡವೇ ಬೇಡ. ಅದರ ಭಾರಕ್ಕೆ, ಗಾಳಿಯ ತೊನೆತಕ್ಕೆ ಬರೆಯೇ ಜರಿದೀತು. ಇಳಿಜಾರಿಗೆ ಲಾವಂಚ ನೆಡಿ.

ಬೀದಿಬದಿಯಲ್ಲಿ ನೆಡುವುದಿದ್ದರೆ ಮೆಸ್ಕಾಂನ ವಿದ್ಯುತ್ ತಂತಿ ಇಲ್ಲದ ಬದಿಯನ್ನು ಆರಿಸಿ. ತಂತಿಯಡಿ ನೆಟ್ಟರೆ ಗೆಲ್ಲುಗಳನ್ನು ಒಂದೇ ಬದಿಗೆ ಕಡಿದು ಮರ ವಾಲುತ್ತದೆ. ಮಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಮರದ ಬುಡದವರೆಗೂ ಕಾಂಕ್ರೀಟ್, ಇಂಟರ್‌ಲಾಕ್ ಹಾಕಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬುಡದ ಸುತ್ತ ಮೂರಡಿ ಮಣ್ಣನ್ನಾದರೂ ಬಿಡಿ ಎಂದು ನಿಮ್ಮ ವಾರ್ಡಿನಲ್ಲಿ ಕೇಳಿ, ಬಿಡದೆ ಕೇಳಿ.

ಬೆಳೆದ ಮೇಲೆ ಕಡಿದರಾಯಿತು ಎಂಬ ಲೆಕ್ಕ ಬೇಡ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಹೆಚ್ಚಿನ ಮರಗಳನ್ನು ಸ್ವಂತ ಜಾಗದಲ್ಲೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿಡಿ. ಜೂನ್‌ನ ಮೊದಲ ಮಳೆಗೆ ಮಣ್ಣು ಚೆನ್ನಾಗಿ ನೆನೆದ ಮೇಲೆ ಸಸಿ ನೆಡಿ. ಗದ್ದೆ ತುಂಬಿಸಿದ, ನೀರು ನಿಲ್ಲುವ ಜಾಗವಾದರೆ ಮಾತ್ರ ಮಳೆಯ ಅಬ್ಬರ ಇಳಿಯುವ ಸೆಪ್ಟೆಂಬರ್‌ವರೆಗೆ ಕಾಯಿರಿ.