ಬೀದರ್‌ಗೆ ಹೋಗುವ ಸೀರೆ ಪಣಜಿಗೆ ಯಾಕೆ ಹೋಗಬಾರದು?

ಧಾರವಾಡದಲ್ಲಿ ಮನೆಯಿಂದಲೇ ಕಸೂತಿ ಸೀರೆ ಮಾರುವ ಒಬ್ಬ ಅಕ್ಕ ಆನ್‌ಲೈನ್ ಮಾರಾಟದ ಆ್ಯಪ್ ಮೂಲಕ ಬೀದರ್‌ಗೆ ಸೀರೆ ಕಳಿಸಿದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದೇ ಆ್ಯಪ್‌ನಿಂದ, ಅದೇ ಬೆಲೆಯ ಸೀರೆಯನ್ನು ಪಣಜಿಗೆ ಕಳಿಸಬೇಕಂದ್ರೆ ನೋಂದಣಿ ಕಡ್ಡಾಯ. ದೂರ ನೋಡಿದರೆ ನಮಗೆ ಪಣಜಿಯೇ ಹತ್ತಿರ. ಆದರೆ ನಡುವೆ ರಾಜ್ಯದ ಗಡಿ ಬರುತ್ತದೆ.

ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರನಾಗಿ ನಾನು ನೋಡುವ ಸಣ್ಣ ಆನ್‌ಲೈನ್ ವ್ಯಾಪಾರಸ್ಥರಲ್ಲಿ ಬಹಳಷ್ಟು ಜನ ಎಡವುವುದು ಈ ಗಡಿಯಲ್ಲೇ. ಕೊಲ್ಹಾಪುರ, ಸಾಂಗಲಿ, ಗೋವಾ ಕಡೆ ನಮ್ಮವರಿಗೆ ಬೀಗರಿದ್ದಾರೆ, ಗಿರಾಕಿಗಳೂ ಇದ್ದಾರೆ. ಆರ್ಡರ್ ಆ ಕಡೆಯಿಂದಲೂ ಬಂದೇ ಬರುತ್ತದೆ.

ಆನ್‌ಲೈನ್ ವ್ಯಾಪಾರಕ್ಕೆ ಸರ್ಕಾರದ ಪ್ರೋತ್ಸಾಹ ಅಂದ ಕೂಡಲೇ ಜನ ಸಬ್ಸಿಡಿ, ಸಾಲ ಅಂತ ಯೋಚಿಸುತ್ತಾರೆ. 2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಇ-ಕಾಮರ್ಸ್ ನೀತಿಯ ಕರಡು ತಂದಿತ್ತು. 2021ರ ಕೊನೆಗೆ ಸರ್ಕಾರದ ಬೆಂಬಲದ ಆನ್‌ಲೈನ್ ವ್ಯಾಪಾರ ಜಾಲ ಒಎನ್‌ಡಿಸಿ ಶುರುವಾಯಿತು. ಒಂದು ಆ್ಯಪ್‌ನಲ್ಲಿರುವ ಅಂಗಡಿ ಇನ್ನೊಂದು ಆ್ಯಪ್‌ನ ಗಿರಾಕಿಗೂ ಕಾಣಬೇಕು ಅನ್ನುವುದು ಅದರ ಉದ್ದೇಶ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಬೆಟಗೇರಿಯ ನೇಕಾರನಿಗೋ ಬ್ಯಾಡಗಿಯಲ್ಲಿ ಖಾರದಪುಡಿ ಪ್ಯಾಕ್ ಮಾಡುವವರಿಗೋ ನಿಜವಾಗಿ ತಟ್ಟುವ ನೀತಿ ಇರುವುದು ಎರಡು ಪುಟದ ತೆರಿಗೆ ಅಧಿಸೂಚನೆಗಳಲ್ಲಿ. ಅವುಗಳನ್ನು ಯಾರೂ ಓದುವುದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

2017ರಲ್ಲಿ ಜಿಎಸ್‌ಟಿ ಬಂದಾಗ ನಿಯಮ ಹೀಗಿತ್ತು: ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವರು ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟಿನ ತನಕ ನೋಂದಣಿ ಮಾಡಿಸಬೇಕಿಲ್ಲ. 2019ರಿಂದ ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ಈ ಮಿತಿ 40 ಲಕ್ಷವಾಯಿತು. ಆದರೆ ಅದೇ ಮಾಲನ್ನು ಆ್ಯಪ್‌ನಲ್ಲಿ ಇಟ್ಟರೆ ಮೊದಲ ರೂಪಾಯಿಯಿಂದಲೇ ನೋಂದಣಿ ಆಗಬೇಕಿತ್ತು. ಡಿಜಿಟಲ್ ಆಗಿ ಅಂತ ಒಂದು ಕಡೆ ಕರೆಯುವುದು, ಬಂದವರ ಮೇಲೆ ಜಾಸ್ತಿ ಭಾರ ಹೊರಿಸುವುದು. ಇದು ಸರಿಯಲ್ಲ ಅಲ್ವಾ?

2023ರ ಅಕ್ಟೋಬರ್ 1ರಿಂದ ಇದು ಬದಲಾಯಿತು. ನನ್ನ ಪ್ರಕಾರ ಸಣ್ಣ ಆನ್‌ಲೈನ್ ವ್ಯಾಪಾರಕ್ಕೆ ಸಿಕ್ಕ ದೊಡ್ಡ ಉಪಕಾರ ಇದೇ. ವಹಿವಾಟು ಮಿತಿಯೊಳಗಿದ್ದರೆ ನೋಂದಣಿ ಇಲ್ಲದೆಯೂ ಆ್ಯಪ್‌ನಲ್ಲಿ ಸರಕು ಮಾರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಮತ್ತು ವ್ಯಾಪಾರದ ವಿಳಾಸ ಕೊಟ್ಟರೆ ಒಂದು ಎನ್‌ರೋಲ್‌ಮೆಂಟ್ ನಂಬರ್ ಬರುತ್ತದೆ. ಜಿಎಸ್‌ಟಿ ನಂಬರ್ ಬದಲು ಅದನ್ನೇ ಆ್ಯಪ್‌ಗೆ ಕೊಡುವುದು. ತಿಂಗಳ ರಿಟರ್ನ್ ಇಲ್ಲ, ತಡವಾದರೆ ದಂಡದ ಭಯವೂ ಇಲ್ಲ. ವಹಿವಾಟಿನ ಮೇಲೆ ಸಣ್ಣದೊಂದು ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಸ್ಕೀಮ್‌ನಲ್ಲಿ ಇರುವವರಿಗೂ ಅಂದಿನಿಂದ ಆ್ಯಪ್‌ನಲ್ಲಿ ಸರಕು ಮಾರಲು ದಾರಿಯಾಯಿತು. ಆದರೆ ಇಬ್ಬರಿಗೂ ಒಂದೇ ಷರತ್ತು: ಮಾಲು ರಾಜ್ಯದೊಳಗೇ ಮಾರಾಟವಾಗಬೇಕು.

ಧಾರವಾಡದ ಆ ಅಕ್ಕ ನನ್ನನ್ನು ಕೇಳಿದ್ದು ಇಷ್ಟೇ: "ಸರ, ಗೋವಾದಿಂದ ಒಬ್ರು ಎರಡು ಸೀರಿ ಕೇಳ್ಯಾರ. ಎರಡು ಸೀರಿಗೆ ಜಿಎಸ್‌ಟಿ ಮಾಡಸಬೇಕೇನ್ರಿ?"

ಆ್ಯಪ್ ಮೂಲಕ ಅಂದ್ರೆ ಹೌದು, ಮಾಡಿಸಲೇಬೇಕು. ನೋಂದಣಿಗೆ ದುಡ್ಡು ಬೇಕಿಲ್ಲ. ತೊಂದರೆ ಬೇರೆ ಕಡೆ ಇದೆ. ಅವರದ್ದು ಬಾಡಿಗೆ ಮನೆ. ವ್ಯಾಪಾರದ ಸ್ಥಳ ಅಂತ ಅದನ್ನೇ ತೋರಿಸಬೇಕು, ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರ, ಜೊತೆಗೆ ಕರೆಂಟ್ ಬಿಲ್ ಕೊಡಬೇಕು. ಮಾಲೀಕರು ಸಹಿ ಹಾಕಲು ಹೆದರುತ್ತಾರೆ. ಮನೆ ತೆರಿಗೆ ಎಲ್ಲಿ ಕಮರ್ಷಿಯಲ್ ಆಗಿಬಿಡುತ್ತದೋ, ನಾಳೆ ಯಾವ ಅಧಿಕಾರಿ ಬರುತ್ತಾರೋ ಅನ್ನುವ ಚಿಂತೆ ಅವರಿಗೆ. ಇದನ್ನು ನಾನು ವಿದ್ಯಾನಗರದಲ್ಲೂ ನೋಡಿದ್ದೇನೆ, ಗದಗದಲ್ಲೂ ನೋಡಿದ್ದೇನೆ. ಹೇಗೋ ನೋಂದಣಿ ಆಯಿತು ಅನ್ನಿ. ಆಮೇಲೆ ಒಂದೂ ಸೀರೆ ಹೋಗದ ತಿಂಗಳ ರಿಟರ್ನನ್ನೂ ತುಂಬಬೇಕು. ಮರೆತರೆ ಅಂಥ ಖಾಲಿ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ಅಷ್ಟೇ ಅಲ್ಲ, ನೋಂದಣಿ ಆದ ಮೇಲೆ ಬೀದರ್‌ಗೆ ಹೋಗುವ ಸೀರೆಗೂ ತೆರಿಗೆ ಕಟ್ಟಬೇಕು. ಎರಡು ಸೀರೆಗೋಸ್ಕರ ಇಡೀ ವ್ಯಾಪಾರದ ಲೆಕ್ಕವೇ ಬದಲಾಗುತ್ತದೆ.

ಅವರಿಗೆ ಇನ್ನೊಂದು ದಾರಿ ಇತ್ತು. ಬಹಳ ಜನರಿಗೆ ಇದು ಗೊತ್ತಿಲ್ಲ. ಕೈಯಿಂದ ಮಾಡಿದ ಕರಕುಶಲ ವಸ್ತುಗಳನ್ನು ವಹಿವಾಟಿನ ಮಿತಿಯೊಳಗೆ ಬೇರೆ ರಾಜ್ಯಕ್ಕೆ ಮಾರಲು 2017ರಿಂದಲೇ ನೋಂದಣಿಯಿಂದ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಕೈಮಗ್ಗದ ಬಟ್ಟೆ, ಕೈಯಿಂದ ಹಾಕಿದ ಕಸೂತಿ ಎರಡೂ ಬರುತ್ತವೆ. ಪ್ಯಾನ್ ಇರಬೇಕು, ಮಾಲಿನ ಬೆಲೆ ಎಷ್ಟೇ ಕಡಿಮೆ ಇದ್ದರೂ ಮಾಲು ಸಾಗಿಸುವ ಮೊದಲು ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ದಾಖಲೆ, ಅಂದ್ರೆ ಇ-ವೇ ಬಿಲ್ ತೆಗೆಯಬೇಕು, ಅಷ್ಟೇ. ಆದರೆ ಇದು ನೇರ ಮಾರಾಟಕ್ಕೆ. ಫೋನ್‌ನಲ್ಲಿ ಮಾತಾಡಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ, ಪಾರ್ಸಲ್ ಮಾಡಿದರೆ ಸರಿ. ಆ್ಯಪ್‌ನ ಆರ್ಡರ್ ಆದರೆ ಈ ವಿನಾಯಿತಿ ನಿಲ್ಲುವುದಿಲ್ಲ.

ಇನ್ನೊಂದು ಹೋಲಿಕೆ ನೋಡಿ. ಧಾರವಾಡ ಕೋಚಿಂಗ್ ಊರು. ಇಲ್ಲಿನ ಒಬ್ಬ ಮೇಷ್ಟ್ರು ಆ್ಯಪ್ ಮೂಲಕ ಪುಣೆಯ ಹುಡುಗರಿಗೆ ಪಾಠ ಹೇಳಿದರೆ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಬೇಡ. ಸೇವೆಗಳಿಗೆ ಈ ಸೌಲಭ್ಯ 2017ರ ಕೊನೆಯಿಂದಲೇ ಇದೆ. ಪಾಠ ಗಡಿ ದಾಟಬಹುದು, ಸೀರೆ ದಾಟಬಾರದು!

ಸರ್ಕಾರಕ್ಕೂ ಒಂದು ಕಾರಣ ಇದೆ, ಅದನ್ನೂ ಹೇಳಬೇಕು. ಅಂತರರಾಜ್ಯ ಮಾರಾಟದಲ್ಲಿ ರಾಜ್ಯದ ಪಾಲಿನ ತೆರಿಗೆ ಮಾಲು ತಲುಪುವ ರಾಜ್ಯಕ್ಕೆ ಸೇರಬೇಕು. ನೋಂದಣಿ ಇಲ್ಲದವರಿಗೆ ಬಿಟ್ಟರೆ ಲೆಕ್ಕ ತಪ್ಪುತ್ತದೆ ಅನ್ನುವ ಆತಂಕ. ಆದರೆ ಆ್ಯಪ್‌ನ ವ್ಯಾಪಾರದಲ್ಲಿ ಲೆಕ್ಕ ತಪ್ಪುವುದಾದರೂ ಹೇಗೆ? ಯಾರು, ಯಾರಿಗೆ, ಎಷ್ಟಕ್ಕೆ ಮಾರಿದರು ಅನ್ನುವುದೆಲ್ಲ ಆ ಕಂಪನಿಯ ಬಳಿ ಇರುತ್ತದೆ. ನೋಂದಣಿ ಇಲ್ಲದೆ ಮಾರುವವರ ವಿವರವನ್ನೂ ಕಂಪನಿ ತಿಂಗಳ ರಿಟರ್ನ್‌ನಲ್ಲಿ ಸರ್ಕಾರಕ್ಕೆ ಕೊಡಲೇಬೇಕು. ಅತ್ಯಂತ ಸುಲಭವಾಗಿ ಲೆಕ್ಕ ಸಿಗುವ ವ್ಯಾಪಾರಕ್ಕೇ ಅತ್ಯಂತ ಬಿಗಿ ನಿಯಮ ಇದೆ.

2025ರ ಸೆಪ್ಟೆಂಬರ್ 3ರ ಸಭೆಯಲ್ಲಿ, ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿ, ಹಲವು ರಾಜ್ಯಗಳಲ್ಲಿ ಆ್ಯಪ್ ಮೂಲಕ ಮಾರುವ ಸಣ್ಣವರಿಗೆ ಸರಳ ನೋಂದಣಿ ಕೊಡಲು ತಾತ್ವಿಕವಾಗಿ ಒಪ್ಪಿತು. ಅದೇ ನವೆಂಬರ್ 1ರಿಂದ ಅರ್ಹ ಸಣ್ಣ ಅರ್ಜಿದಾರರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ವ್ಯವಸ್ಥೆಯೂ ಬಂತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಎರಡೂ ನೋಂದಣಿಯನ್ನು ಸುಲಭ ಮಾಡುತ್ತವೆ, ಆಮೇಲಿನ ರಿಟರ್ನ್‌ಗಳನ್ನಲ್ಲ. ನಾನು ಕೇಳುವುದು ಬೇರೆ. ಕರಕುಶಲ ವಸ್ತುಗಳಿಗೆ ಕೊಟ್ಟ ವಿನಾಯಿತಿಯನ್ನೇ ಆ್ಯಪ್‌ಗೂ ಹಿಗ್ಗಿಸಿ. ಹೊರರಾಜ್ಯದ ಮಾರಾಟಕ್ಕೆ ಬೇಕಾದರೆ ಚಿಕ್ಕದೊಂದು ಮಿತಿ ಹಾಕಿ. ಹೇಗೂ ಪ್ಯಾನ್ ಇದೆ, ಎನ್‌ರೋಲ್‌ಮೆಂಟ್ ನಂಬರ್ ಇದೆ, ಕಂಪನಿಯ ವರದಿ ಇದೆ.

ಈಗಾಗಲೇ ನೋಂದಣಿ ಆಗಿರುವವರಿಗೂ ಒಂದು ಮಾತು. 2024ರ ಜುಲೈ 10ರಿಂದ ಆ್ಯಪ್ ಕಂಪನಿಗಳು ನಿಮ್ಮ ಮಾರಾಟದ ಹಣದಿಂದ ಜಿಎಸ್‌ಟಿ ಲೆಕ್ಕಕ್ಕೆ ಮುಂಗಡವಾಗಿ ಹಿಡಿದುಕೊಳ್ಳುವ ಟಿಸಿಎಸ್ ಶೇ 1ರಿಂದ ಶೇ 0.5ಕ್ಕೆ ಇಳಿದಿದೆ. ವಾಪಸ್ ಬಂದ ಮಾಲು ಕಳೆದು ತಿಂಗಳಿಗೆ 50,000 ರೂಪಾಯಿ ವ್ಯಾಪಾರ ಆದರೆ ಹಿಡಿಯುವುದು 250 ರೂಪಾಯಿ. ಇದು ನಿಮ್ಮದೇ ದುಡ್ಡು. ಆದರೆ ಸುಮ್ನೆ ಕೂತರೆ ನಿಮ್ಮ ಖಾತೆಗೆ ಬರುವುದಿಲ್ಲ. ಪೋರ್ಟಲ್‌ನಲ್ಲಿ ಟಿಡಿಎಸ್-ಟಿಸಿಎಸ್ ಕ್ರೆಡಿಟ್ ಅನ್ನುವ ಕಡೆ ಹೋಗಿ, ಪ್ರತಿ ಎಂಟ್ರಿಯನ್ನು ಒಪ್ಪಿಕೊಂಡು ಫೈಲ್ ಮಾಡಿದರೆ ಮಾತ್ರ ಅದು ಪೋರ್ಟಲ್‌ನಲ್ಲಿರುವ ನಿಮ್ಮ ತೆರಿಗೆ ಹಣದ ಖಾತೆಗೆ, ಅಂದ್ರೆ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ದುಡ್ಡು ಅಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ್ಯಪ್ ಕಂಪನಿಗಳು ಆದಾಯ ತೆರಿಗೆ ಲೆಕ್ಕಕ್ಕೆ ಹಿಡಿಯುವ ಟಿಡಿಎಸ್ ಕೂಡ 2024ರ ಅಕ್ಟೋಬರ್‌ನಿಂದ ಶೇ 1ರಿಂದ ಶೇ 0.1ಕ್ಕೆ ಇಳಿದಿದೆ. ಅದನ್ನು ನಿಮ್ಮ ಐಟಿ ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಹಲವು ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್‌ಗಳು ಮಾಯವಾದವು. ಅಂದಿನಿಂದ ಆನ್‌ಲೈನ್ ಅಂದರೇ ಜನ ಹಿಂಜರಿಯುತ್ತಾರೆ. ಖಾತೆಗೆ ಬಂದ ದುಡ್ಡೆಲ್ಲ ತೆರಿಗೆ ಬೀಳುವ ವಹಿವಾಟಲ್ಲ, ತಾಜಾ ತರಕಾರಿಯಂಥ ವಿನಾಯಿತಿ ಇರುವ ಮಾಲು ಮಾತ್ರ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ಇದನ್ನು ನೋಟಿಸ್ ಕಳಿಸುವ ಮೊದಲೇ ಇಲಾಖೆಯವರು ಸಂತೆಗೆ, ಎಪಿಎಂಸಿಗೆ ಬಂದು ಹೇಳಬೇಕಿತ್ತು.

ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯದ ಸಚಿವರೂ ಕೂರುತ್ತಾರೆ. ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಹುಬ್ಬಳ್ಳಿಯಲ್ಲೇ ಇದೆ. ಗದಗ, ಹಾವೇರಿಯ ವ್ಯಾಪಾರಿ ಸಂಘಗಳು ಮತ್ತು ಮನೆಯಿಂದಲೇ ಮಾರುವ ಹೆಣ್ಣುಮಕ್ಕಳು ತಮಗೆ ತಪ್ಪಿಹೋದ ಹೊರರಾಜ್ಯದ ಆರ್ಡರ್‌ಗಳನ್ನು ದಿನಾಂಕ, ಊರು, ಬೆಲೆ ಸಮೇತ ಒಂದು ಹಾಳೆಯಲ್ಲಿ ಬರೆದಿಡಲಿ. ಆ ಹಾಳೆಗಳನ್ನು ಒಟ್ಟುಮಾಡಿ ಸಚಿವರ ಕೈಗೆ ಕೊಡುವ ಮನವಿಯನ್ನು ಬರೆದುಕೊಡಲು ನಾನು ಸಿದ್ಧ.